ತುಂಗಮ್ಮ ಬರೆದ ಹನ್ನೊಂದು ಮುಖ

ಮಲ್ಲಂದೂರು
ತಾ. ೧೮ನೇ ಜನವರಿ ೧೯೪೫, ಗುರುವಾರ

ಚಿ. ಸೌ. ಪಾಪಮ್ಮನಿಗೆ ನಿನ್ನ ತಾಯಿ ನಂಜಮ್ಮ ಮಾಡುವ ಆಶೀರ್ವಾದಗಳು.

ಮೊದಲು ಒಂದು ಮಾತು. ಈ ಮನೆಯ ಯಜಮಾನಿ ನಾನು. ನಿನ್ನ ತಂದೆ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಈ ಎಂಬತ್ತು ಎಕರೆ ಕಾಫಿ ತೋಟವನ್ನು ಒಬ್ಬಳೇ ನಡೆಸಿದ್ದೇನೆ. ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ನಿನ್ನ ಚಿಕ್ಕಪ್ಪ, ಎಲ್ಲರೂ ನನ್ನ ಎದುರು ನಿಂತೇ ಮಾತನಾಡಿದವರು. ಚಿಕ್ಕಮಗಳೂರಿನ ಹೈಸ್ಕೂಲು ಮೆಟ್ಟಿಲು ಹತ್ತಿದ ಹೆಂಗಸು ನನ್ನ ಕಾಲದಲ್ಲಿ ಈ ಸುತ್ತಿನಲ್ಲಿ ನಾನೊಬ್ಬಳೇ. ಇದು ನಿನಗೆ ತಿಳಿಯದ ಸಂಗತಿಯಲ್ಲ. ಆದರೆ ನಿನ್ನ ಕಾಗದದಲ್ಲಿ ‘ಚಿಕ್ಕಪ್ಪ ಹೇಳಿದ ಹಾಗೆ ಮಾಡಿದರೆ ಒಳ್ಳೆಯದೇನೋ ಅಮ್ಮ’ ಎಂಬ ಸಾಲಿದೆ. ಆ ಸಾಲಿಗಾಗಿ ಇಷ್ಟು ಬರೆಯಬೇಕಾಯಿತು. ಈ ಮನೆಯಲ್ಲಿ ಯಾರು ಇರಬೇಕು, ಯಾರು ಹೋಗಬೇಕು ಎಂದು ಹೇಳುವವಳು ನಾನು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೊಯ್ಲು ಇನ್ನೂ ಮುಗಿದಿಲ್ಲ, ಹತ್ತು ಗಂಟೆಯವರೆಗೆ ಮಂಜು ಬಿಡದೆ ಕಣದಲ್ಲಿ ಪಾರ್ಚ್‌ಮೆಂಟ್ ಬೀಜ ಒಣಗುತ್ತಿಲ್ಲ ಎಂದೆಲ್ಲ ನೆಪ ಹೇಳಬಹುದು. ನಿಜವೇನೆಂದರೆ ಬರೆಯಲು ಕೂತಾಗಲೆಲ್ಲ ಎರಡು ಸಾಲಿಗೇ ಎದ್ದುಬಿಟ್ಟೆ. ನಿನ್ನ ಅತ್ತೆಯವರ ಮಂಡಿನೋವು ಕಡಿಮೆಯಾಯಿತೇ? ಮಗುವಿಗೆ ಕಳಸದ ಚಳಿಯಲ್ಲಿ ತಣ್ಣೀರು ಹಾಕಬೇಡ.

ಬರುವ ಬುಧವಾರ ನಿನ್ನ ಅಣ್ಣನ ವರ್ಷದ ತಿಥಿ. ವರ್ಷ ತುಂಬಿದ ದಿನ ಸತ್ತವರ ಪಟವನ್ನು ಪಡಸಾಲೆಯ ಗೋಡೆಗೆ ಏರಿಸಿ ಅದರ ಮುಂದೆ ಎಡೆ ಇಡುವುದು ಈ ಮನೆಯ ಪದ್ಧತಿ. ನಿನ್ನ ತಾತನದಿದೆ, ನಿನ್ನ ತಂದೆಯದಿದೆ. ಚಂದ್ರಶೇಖರನದು ಒಂದೂ ಫೋಟೋ ಇಲ್ಲ. ಕಾರಣ ನಿನಗೆ ಗೊತ್ತು. ಅವನ ಮದುವೆಯ ದಿನ ಫೋಟೋದವನು ಕುರ್ಚಿಯನ್ನು ಬೀಗರಿಗೆ ಕೊಟ್ಟು, ‘ತಾಯಿಯವರು ಸ್ವಲ್ಪ ಹಿಂದೆ ನಿಂತ್ಕೊಳ್ಳಿ’ ಎಂದ. ಅವನ ಪೆಟ್ಟಿಗೆ ಸಮೇತ ಅವನನ್ನು ಗೇಟಿನವರೆಗೆ ಕಳಿಸಿಬಂದೆ. ಆಗ ಯಾರೂ ನನ್ನನ್ನು ತಡೆಯಲಿಲ್ಲ. ನೀನೂ ತಡೆಯಲಿಲ್ಲ.

ಇನ್ನು ಚಿಕ್ಕಪ್ಪ ನಿನಗೆ ಬರೆದ ವಿಷಯ. ನಿನ್ನ ಅತ್ತಿಗೆ ತುಂಗಮ್ಮ ಯಾರೋ ಗಂಡಸಿನ ಚಿತ್ರ ಬರೆದು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದಾಳೆ, ತಿಥಿಗೆ ನೆಂಟರು ಸೇರುವ ಮೊದಲು ಅವಳನ್ನು ಮೂಡಿಗೆರೆಗೆ, ಅವಳ ಅಪ್ಪನ ಮನೆಗೆ ಕಳಿಸಬೇಕು ಎಂದು ಬರೆದಿದ್ದಾನೆ. ಚಿತ್ರಗಳಿದ್ದದ್ದು ಸುಳ್ಳಲ್ಲ. ಪೆಟ್ಟಿಗೆಯ ಬೀಗ ತೆಗೆಸಿದವಳು ನಾನೇ. ಆದರೆ ಅವನು ಅರ್ಧ ಬರೆದಿದ್ದಾನೆ.

ಮೊದಲು ಗೊತ್ತಾದದ್ದು ಎಣ್ಣೆಯಿಂದ. ಅಡಿಗೆಯ ಕಲ್ಲಮ್ಮ ಒಂದು ದಿನ ಬಂದು, ‘ಅಮ್ಮಾರೆ, ಹರಳೆಣ್ಣೆ ಶೀಸೆ ವಾರಕ್ಕೊಂದು ಖಾಲಿ ಆಗ್ತದೆ. ಈ ಮನೇಲಿ ಯಾರಿಗೂ ಅಷ್ಟು ಹೊಟ್ಟೆ ಕಟ್ಟಿಲ್ಲ’ ಎಂದಳು. ಹುಡುಕಿದರೆ ಎಣ್ಣೆಯೆಲ್ಲ ತುಂಗಮ್ಮನ ಕೋಣೆಗೆ ಹೋಗುತ್ತಿತ್ತು. ತೆಳು ಕಾಗದಕ್ಕೆ ಎಣ್ಣೆ ಸವರಿ, ಬಿಸಿಲಿಗೆ ಆರಿಸಿ, ಅದು ಗಾಜಿನ ಹಾಗೆ ಆದ ಮೇಲೆ ಪುಸ್ತಕದ ಚಿತ್ರದ ಮೇಲೆ ಹಾಸಿ ಗೆರೆಗಳನ್ನು ಎತ್ತುತ್ತಿದ್ದಳು. ಪುಸ್ತಕ ಎಂದರೆ ನಿನ್ನ ಅಣ್ಣನವೇ. ಅವನು ತರಿಸುತ್ತಿದ್ದ ಮಾಸಪತ್ರಿಕೆಯ ಮೂರು ವರ್ಷದ ಕಟ್ಟು, ಮತ್ತೆ ಬಾಬಾಬುಡನ್‌ಗಿರಿ ಕಡೆಯ ತೋಟದ ಬಿಳಿ ದೊರೆ ತನ್ನ ಊರಿಗೆ ಹೋಗುವಾಗ ಬಂಗಲೆಯ ಹರಾಜಿನಲ್ಲಿ ಕೊಂಡ ಇಂಗ್ಲಿಷ್ ಚಿತ್ರಪತ್ರಿಕೆಯ ದಪ್ಪ ಸಂಪುಟ.

‘ಇನ್ನೊಬ್ಬರ ಗೆರೆ ಕದಿಯೋದು ಯಾವ ವಿದ್ಯೆ?’ ಎಂದೆ.

‘ಕದಿಯೋದಲ್ಲ ಅತ್ತೆಮ್ಮ. ಇವರ ಕೈ ಎಲ್ಲಿ ಬೇಗ ಹೋಯ್ತು, ಎಲ್ಲಿ ನಿಂತ್ಕೊಂಡ್ತು ಅಂತ ನೋಡೋದು’ ಎಂದಳು. ನನ್ನ ಎದುರು ಅವಳು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ನಾನು ಬೈದು ಬಂದೆ. ಆದರೆ ಮರುದಿನ ಬಾಗಿಲ ಹತ್ತಿರ ನಿಂತು ನೋಡಿದೆ. ಅವಳಿಗೆ ಒಂದು ಕ್ರಮವಿತ್ತು. ಮೊದಲು ಎಣ್ಣೆ ಕಾಗದದಲ್ಲಿ ಎತ್ತುವುದು. ಆಮೇಲೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೆಯುವುದು. ಕೊನೆಗೆ ಪುಸ್ತಕ ಮುಚ್ಚಿ ಬರೆಯುವುದು. ಮೂರನ್ನೂ ಜೋಡಿಸಿಟ್ಟು ಗೆರೆಗಳನ್ನು ಬೆರಳಿಟ್ಟು ಎಣಿಸುತ್ತಿದ್ದಳು. ಮಾಸಪತ್ರಿಕೆಯ ಚಿತ್ರಗಾರರೊಬ್ಬರು ಹೆಸರು ಹಾಕದೆ ಮೂಲೆಯಲ್ಲಿ ಇರುವೆಯಂಥ ಒಂದು ಗುರುತು ಹಾಕುತ್ತಾರೆ. ಅವರು ಇಡೀ ಸೆರಗನ್ನು ಏಳು ಗೆರೆಯಲ್ಲಿ ಮುಗಿಸುತ್ತಾರೆ ಎಂದು ಅವಳೇ ತೋರಿಸಿದಳು. ಅವಳಿಗೆ ಮೊದಲು ಇಪ್ಪತ್ತು ಬೇಕಾಗುತ್ತಿತ್ತು, ಆಮೇಲೆ ಹನ್ನೆರಡು, ದೀಪಾವಳಿಯ ಹೊತ್ತಿಗೆ ಒಂಬತ್ತು. ಕಾಫಿ ಗಿಡದ ಚಿಗುರು ತೆಗೆಯುವ ಹೆಣ್ಣಾಳಿಗೂ ಹೀಗೆಯೇ. ಹೊಸಬಳು ಏನು ಉಳಿಸಬೇಕು ಎಂದು ಯೋಚಿಸುತ್ತಾಳೆ, ಕೈ ಕುದುರಿದವಳು ಏನು ಕೀಳಬೇಕು ಎಂದು ಯೋಚಿಸುತ್ತಾಳೆ. ಎಣ್ಣೆಯ ಮಾತು ಆಮೇಲೆ ನಾನು ಎತ್ತಲಿಲ್ಲ. ಅನುಮತಿಯನ್ನೂ ಕೊಡಲಿಲ್ಲ.

ಡಿಸೆಂಬರಿನಲ್ಲಿ ಒಂದು ಹಾಳೆ ಗಾಳಿಗೆ ಹಾರಿ ಕಣಕ್ಕೆ ಬಿತ್ತು. ರೈಟರ್ ಗುರುವಯ್ಯ ಅದನ್ನು ನನಗೆ ಕೊಡುವ ಬದಲು ನಿನ್ನ ಚಿಕ್ಕಪ್ಪ ಪುಟ್ಟಸ್ವಾಮಿಗೆ ಕೊಟ್ಟ. ಅವನು ಅದನ್ನು ಹಿಡಿದುಕೊಂಡು ಪಡಸಾಲೆಗೆ ಬಂದ.

‘ಯಾರು ಅತ್ತಿಗೆ ಇವನು? ನಮ್ಮೋನಂತೂ ಅಲ್ಲ.’

ಲಕ್ಷಣವಾದ ಗಂಡಸಿನ ಮುಖ. ಉದ್ದ ಮೂಗು, ಹುಬ್ಬಿನಿಂದ ಒಂದೇ ಗೆರೆಯಲ್ಲಿ ಇಳಿದು ತುದಿಯಲ್ಲಿ ಚೂರು ಬಾಗಿತ್ತು. ನಾನು ಎಂದೂ ನೋಡದ ಮುಖ. ತುಂಗಮ್ಮನ ಪೆಟ್ಟಿಗೆ ತೆಗೆಸಿದೆ. ಸೀರೆಗಳ ಕೆಳಗೆ ಇನ್ನೂ ಹತ್ತು ಹಾಳೆ. ಹತ್ತರಲ್ಲೂ ಅವನೇ. ಎದುರಿಗೆ ನೋಡುವವನು, ಓರೆಯಾಗಿ ನೋಡುವವನು, ನಗುವವನು.

‘ಯಾರಿವನು?’ ಎಂದು ಅವಳನ್ನೇ ಕೇಳಿದೆ.

‘ಅವರೇ.’

‘ಯಾವ ಅವರು?’

‘ನಿಮ್ಮ ಮಗ’ ಎಂದಳು.

ಪುಟ್ಟಸ್ವಾಮಿ ನಕ್ಕುಬಿಟ್ಟ. ‘ನಮ್ಮ ಚಂದ್ರೂಗೆ ಈ ಮೂಗಿದ್ದಿದ್ರೆ ನಾಟಕದ ಕಂಪನಿಯೋರು ಹೊತ್ಕಂಡು ಹೋಗ್ತಿದ್ರು ಮಾರಾಯ್ತಿ. ಸುಳ್ಳಾದ್ರೂ ಸಮ ಹೇಳು.’

ಅವಳು ಒಳಗೆ ಹೋಗಿ ಮಾಸಪತ್ರಿಕೆಯ ಕಟ್ಟು ತಂದು ನನ್ನ ಮುಂದೆ ಬಿಚ್ಚಿದಳು. ಇರುವೆ ಗುರುತಿನವರ ಕಥಾನಾಯಕರು ಪುಟ ಪುಟದಲ್ಲೂ ಇದ್ದರು. ಎಲ್ಲರಿಗೂ ಅದೇ ಮೂಗು. ‘ಇವರನ್ನ ನೋಡಿ ಕಲ್ತದ್ದು ಅತ್ತೆಮ್ಮ. ಕೈ ಅಲ್ಲಿಗೇ ಹೋಗ್ತದೆ. ಬೇಡ ಅಂದ್ರೂ ಹೋಗ್ತದೆ’ ಎಂದಳು. ಕಲ್ಲಮ್ಮನನ್ನು ಬರೆದದ್ದನ್ನೂ ತೋರಿಸಿದಳು. ಅದಕ್ಕೂ ಅದೇ ಮೂಗು. ಕಲ್ಲಮ್ಮ ಇಣುಕಿ ನೋಡಿ, ‘ಈ ಮೂಗು ನಂಗಿದ್ದಿದ್ರೆ ನಿಮ್ಮನೆ ಒಲೆ ಊದ್ತಾ ಎಂತಕ್ಕೆ ಕೂರ್ತಿದ್ದೆ’ ಎಂದು ಸೌಟು ಹಿಡಿದುಕೊಂಡು ಒಳಗೆ ಹೋದಳು. ಆ ಹೊತ್ತಿನಲ್ಲಿ ನಕ್ಕವಳು ಅವಳೊಬ್ಬಳೇ.

ಪುಟ್ಟಸ್ವಾಮಿಗೆ ನಂಬಿಕೆ ಬರಲಿಲ್ಲ. ಅವನಿಗೆ ಬಂದರೂ ಊರಿಗೆ ಬರುವುದಿಲ್ಲ. ಹತ್ತೊಂಬತ್ತರ ವಿಧವೆ, ಹನ್ನೊಂದು ಸಲ ಒಬ್ಬ ಅಪರಿಚಿತನ ಮುಖ. ನಾನು ಅಲ್ಲೇ ಒಂದು ತೀರ್ಪು ಕೊಟ್ಟೆ. ‘ನನ್ನ ಎದುರು ಕೂತು ಬರಿ. ಚಂದ್ರಶೇಖರ ಅಂತ ಕಂಡವರೆಲ್ಲ ಹೇಳಬೇಕು. ಬಂದರೆ ಆ ಪಟವೇ ಗೋಡೆಗೆ ಏರುತ್ತೆ, ನೀನು ಈ ಮನೇಲಿ ಇರ್ತೀಯ. ಬರದಿದ್ದರೆ ತಿಥಿಗೆ ಮುಂಚೆ ಮೂಡಿಗೆರೆ.’

ಕಾಗದ, ನಿಬ್ಬು, ಮಸಿ ನಾನೇ ತರಿಸಿದೆ. ಯುದ್ಧದ ದೆಸೆಯಿಂದ ಬಿಳಿ ಕಾಗದ ಸಿಗುವುದೇ ಕಷ್ಟ. ಚಿಕ್ಕಮಗಳೂರಿನ ಅಂಗಡಿಯ ಇನಾಯತುಲ್ಲಾ ಸಾಹೇಬರು ಇದ್ದಿಲು ಸುಟ್ಟು ಓಡಿಸುವ ಬಸ್ಸಿನಲ್ಲಿ ಬಂದು, ಹಳೆ ಕ್ಯಾಲೆಂಡರುಗಳ ಹಿಂಬದಿ ಸಾಕಾ ಎಂದು ಕೇಳಿ ಕೊಟ್ಟುಹೋದರು. ದಿನವೂ ಊಟವಾದ ಮೇಲೆ ಇಬ್ಬರೂ ಕಿಟಕಿಯ ಬೆಳಕಿನಲ್ಲಿ ಕೂತೆವು. ಅವಳು ಬರೆಯುತ್ತಿದ್ದಳು, ನಾನು ಅಲ್ಲ ಎನ್ನುತ್ತಿದ್ದೆ. ಮೂಗು ಗಿಡ್ಡ ಮಾಡಿದಳು. ಅಲ್ಲ ಎಂದೆ. ಅಗಲ ಮಾಡಿದಳು. ಅದೂ ಅಲ್ಲ.

ಎಂಟನೆಯ ದಿನ ನಿಬ್ಬು ಕೆಳಗಿಟ್ಟಳು. ‘ಹೇಗಿತ್ತು ಅಂತ ನೀವೇ ಹೇಳಿ ಅತ್ತೆಮ್ಮ. ಹೇಳಿದ ಹಾಗೆ ಹಾಕ್ತೀನಿ.’

‘ಎಂಟು ತಿಂಗಳು ಸಂಸಾರ ಮಾಡಿದವಳು ನೀನು. ಗಂಡನ ಮೂಗು ಅತ್ತೆಯನ್ನು ಕೇಳ್ತೀಯಾ?’

‘ಬೆಳಕು ಹರಿಯೋ ಮೊದಲು ಎದ್ದು ಹೋಗೋರು. ಹಗಲಲ್ಲಿ ಮುಖ ಎತ್ತಿ ನೋಡಿದ್ದು ಕಮ್ಮಿ. ನೀವು ಇರ್ತಿದ್ರಿ.’

ಅಷ್ಟೇ ಹೇಳಿದಳು. ಹಿರಿಯರ ಎದುರು ಸೊಸೆ ಗಂಡನ ಕಡೆ ಕತ್ತೆತ್ತಬಾರದು ಎಂದು ಮದುವೆಯಾದ ಮರುದಿನವೇ ಅವಳಿಗೆ ಹೇಳಿಕೊಟ್ಟವಳು ನಾನು. ನನಗೂ ನನ್ನ ಅತ್ತೆ ಅದನ್ನೇ ಹೇಳಿಕೊಟ್ಟಿದ್ದರು.

ಆಮೇಲೆ ಎರಡು ದಿನ ಅವಳು ಏನೂ ಬರೆಯಲಿಲ್ಲ. ಇಂಗ್ಲಿಷ್ ಸಂಪುಟ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದರ ಚಿತ್ರಗಾರ ಸಂತೆ, ಬಂದರು, ರೈಲು ಸ್ಟೇಷನ್ನು ಎಂದು ನೂರಾರು ಜನರನ್ನು ತುಂಬಿಸುತ್ತಾನೆ. ಅವರಲ್ಲಿ ಅರ್ಧ ಜನ ನಮಗೆ ಬೆನ್ನು ಹಾಕಿದವರು. ಆದರೂ ಇವನು ಹಮಾಲಿ, ಇವನು ಕುಡುಕ, ಇವಳು ಯಾರನ್ನೋ ಕಾಯುತ್ತಿದ್ದಾಳೆ ಎಂದು ಗೊತ್ತಾಗುತ್ತದೆ. ಮೂರನೆಯ ದಿನ ಅವಳು ಒಂದು ಹಾಳೆಯನ್ನು ನನ್ನ ಮುಂದಿಟ್ಟು ಎದ್ದು ಹೋದಳು.

ಕಣದ ದಾರಿಯಲ್ಲಿ ಒಬ್ಬ ಹೋಗುತ್ತಿದ್ದಾನೆ. ಬರಿ ತಲೆ. ಎಡ ಭುಜ ಬಲಕ್ಕಿಂತ ತಗ್ಗು. ಛತ್ರಿಯನ್ನು ಹಿಂದೆ ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡಿದ್ದಾನೆ, ಅದು ಬೆನ್ನಿನ ಮೇಲೆ ಸೊಟ್ಟ ನೇತಾಡುತ್ತಿದೆ. ಆ ಗೆರೆಗಳಲ್ಲಿ ಇರುವೆಯೂ ಇಲ್ಲ, ಇಂಗ್ಲಿಷಿನವನೂ ಇಲ್ಲ. ದಿನವೂ ಅಡಿಗೆಮನೆಯ ಕಿಟಕಿಯಿಂದ ಅವಳಿಗೆ ಕಂಡದ್ದು ಅಷ್ಟೇ, ಅಷ್ಟನ್ನೂ ಬರೆದಿದ್ದಳು.

ಕಲ್ಲಮ್ಮ ನೋಡಿದವಳು ಕೂತುಬಿಟ್ಟಳು. ‘ಚಂದ್ರಣ್ಣ ತಿಂಡಿ ತಿನ್ನದೇ ಹೊಂಟ್ರು ನೋಡಿ’ ಎಂದಳು. ಚಿತ್ರಕ್ಕೆ ಕಟ್ಟು ಹಾಕಲು ಗಾಜು ತಂದ ಇನಾಯತುಲ್ಲಾ ಸಾಹೇಬರಿಗೆ ನಾನು ಏನೂ ಹೇಳದೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ‘ಈ ಛತ್ರಿ ನನ್ನ ಅಂಗಡೀದೇ ಅಮ್ಮಾವ್ರೆ. ಕಾಲರು ಹರೀತದೆ, ಕೈಯಲ್ಲಿ ಹಿಡ್ಕೊಳ್ಳಿ ಅಂತ ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ’ ಎಂದರು.

ಪುಟ್ಟಸ್ವಾಮಿಯೂ ಗುರುತು ಹಿಡಿದ. ಬಾಯಲ್ಲಿ ಮಾತ್ರ ಬೇರೆ ಆಡಿದ. ‘ಬೆನ್ನು ಹಾಕಿ ಹೋಗೋನಿಗೆ ಎಡೆ ಇಡ್ತಾರಾ ಅತ್ತಿಗೆ? ಅನ್ನ ಬೇಡ ಅಂತ ಹೊಂಟ ಹಾಗಿದೆ. ಮುಖ ಇರೋದೇ ಯಾವುದಾದ್ರೂ ಏರಿಸಿ. ಮೂಗು ಹೆಚ್ಚುಕಮ್ಮಿ ಆದ್ರೆ ಹತ್ತು ವರ್ಷಕ್ಕೆ ಅದೇ ಅವನ ಮೂಗು ಆಗ್ತದೆ. ಯಾರು ನೆನಪಿಟ್ಕೊಂಡಿರ್ತಾರೆ?’

ಗಾಜು ಸಿಕ್ಕಿದ್ದು ಒಂದೇ. ಬೆನ್ನಿನ ಚಿತ್ರಕ್ಕೋ ಮುಖದ ಚಿತ್ರಕ್ಕೋ, ಯಾವುದಕ್ಕೆ ಹಾಕಿಸುವುದೆಂದು ನಾಲ್ಕು ದಿನ ಯೋಚಿಸಿದೆ. ನಾನು ಕೊಟ್ಟ ಮಾತಿನ ಪ್ರಕಾರ ಕಂಡವರೆಲ್ಲ ಚಂದ್ರಶೇಖರ ಎಂದಾಗಿದೆ. ಆದ್ದರಿಂದ ತುಂಗಮ್ಮ ಎಲ್ಲಿಗೂ ಹೋಗುವುದಿಲ್ಲ. ಈ ವಿಷಯವಾಗಿ ಇನ್ನು ನೀನಾಗಲಿ ನಿನ್ನ ಚಿಕ್ಕಪ್ಪನಾಗಲಿ ನನಗೆ ಬರೆಯಬೇಕಾಗಿಲ್ಲ.

ಮಂಗಳವಾರ ಸಂಜೆಯ ಒಳಗೆ ಬಾ. ಅಳಿಯಂದಿರಿಗೆ ಬಿಡುವಿಲ್ಲದಿದ್ದರೆ ಗಾಡಿ ಕಳಿಸುತ್ತೇನೆ. ಬರುವಾಗ ಕಳಸೇಶ್ವರನ ಪ್ರಸಾದ ತಾ. ಮಗುವಿಗೆ ನನ್ನ ಆಶೀರ್ವಾದ. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ.

ಇತಿ ನಿನ್ನ ತಾಯಿ,
ನಂಜಮ್ಮ

ಮತ್ತೊಂದು ವಿಷಯ: ಅಂಚೆಗೆ ಕೊಡುವ ಮೊದಲು ಇದನ್ನು ಮತ್ತೆ ಓದಿದೆ. ಒಂದು ಕಡೆ ಪೂರ್ತಿ ಬರೆದಿಲ್ಲ.

ಮೂಗು ಹೇಗಿತ್ತು ಹೇಳಿ ಎಂದು ತುಂಗಮ್ಮ ಕೇಳಿದಾಗ ನಾನು ಸಿಟ್ಟು ಮಾಡಿದ್ದು, ಅದು ನನಗೂ ಗೊತ್ತಿರಲಿಲ್ಲ ಎಂಬ ಕಾರಣಕ್ಕೆ. ಅವಳು ಬರೆದ ಒಂದೊಂದನ್ನೂ ಅಲ್ಲ ಎಂದೆ. ಹೌದು ಎನ್ನುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಕಣ್ಣು ಮುಚ್ಚಿದರೆ ಅವನ ಕೊನೆಯ ಹನ್ನೆರಡು ದಿನದ ಜ್ವರದ ಮುಖ ಬರುತ್ತದೆ, ಹಳದಿಯಾಗಿ, ಊದಿಕೊಂಡು. ಅದರ ಹಿಂದಿನದು ಬರುವುದಿಲ್ಲ. ಇಪ್ಪತ್ತಾರು ವರ್ಷ ಅವನು ನನ್ನ ಎದುರು ತಲೆ ತಗ್ಗಿಸಿ ನಿಂತ, ಮಕ್ಕಳು ಹಾಗೆ ನಿಲ್ಲಬೇಕು ಎಂದು ನಾನು ಹೆಮ್ಮೆಪಟ್ಟೆ. ನಾನು ಕಂಡದ್ದು ಅವನ ನೆತ್ತಿ.

ಅವಳು ಬೆನ್ನಿನ ಚಿತ್ರದಲ್ಲಿ ನೆತ್ತಿಯ ಮೇಲೆ ಒಂದೇ ಸುಳಿ ಹಾಕಿದ್ದಳು. ಅವನಿಗೆ ಎರಡು ಸುಳಿ, ಬಲಗಡೆಯದು ಚಿಕ್ಕದು ಎಂದು ಬೆರಳಿಟ್ಟು ತೋರಿಸಿದೆ. ಅವಳು ನಿಬ್ಬು ಅದ್ದಿ ಒಂದು ಗೆರೆ ಸುತ್ತಿದಳು. ಕಟ್ಟು ಹಾಕಿಸಿ, ಬುಧವಾರದವರೆಗೂ ಕಾಯದೆ, ಇಂದು ಬೆಳಿಗ್ಗೆ ಅದನ್ನೇ ನಿನ್ನ ತಂದೆಯ ಪಟದ ಪಕ್ಕಕ್ಕೆ ನಾನೇ ಮೊಳೆ ಹೊಡೆದು ಏರಿಸಿದ್ದೇನೆ.