ಸಾವಕ್ಕನ ಕದಕ್ಕೆ ಅಂಟಿಸಿದ ಸಮನ್ಸು

ಕ್ರಿ.ಶ. ೨೩೧೪, ಹಿನ್ನೀರು ಇಳಿದ ಹದಿನೇಳನೆಯ ದಿನ
ಆಲಮಟ್ಟಿಯ ಮೇಲ್ದಂಡೆ

ಕೋರ್ಟಿನ ಅಮೀನರಾದ ಗಿರಿಮಲ್ಲಪ್ಪಜ್ಜನವರಿಗೆ ನಿಮ್ಮ ವಂಶದ ಗುರಸಿದ್ದವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಈ ಪತ್ರ ಹರಿದುಹಾಕಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಜಾರಿ ಪುಸ್ತಕ ಓದುವಾಗ ನಮಗೂ ಹಾಗೇ ಆಗುತ್ತದೆ. ಆ ಪುಸ್ತಕ ಕೈಯಿಂದ ಕೈಗೆ ಬಂದು ಈಗ ನನ್ನ ಹತ್ತಿರ ಇದೆ. ನಾನೂ ಅಮೀನಳೇ, ನಡೆದು ಹೋಗಿ ಸಮನ್ಸು ಮುಟ್ಟಿಸುವವಳು. ನಡುವೆ ಒಂದು ಕಾಲದಲ್ಲಿ ಸಮನ್ಸನ್ನು ಗಾಳಿಯಲ್ಲೇ ಕಳಿಸುತ್ತಿದ್ದರಂತೆ. ಯಂತ್ರ ಮುಟ್ಟಿತು ಅನ್ನುತ್ತಿತ್ತು, ಯಾರಿಗೆ ಮುಟ್ಟಬೇಕೋ ಅವರಿಗೆ ಸುದ್ದಿಯೇ ಇರುತ್ತಿರಲಿಲ್ಲ. ಎಷ್ಟೋ ಜನ ಮನೆಮಠ ಕಳೆದುಕೊಂಡ ಮೇಲೆ ಸರಕಾರಕ್ಕೆ ಬುದ್ಧಿ ಬಂದು ಮತ್ತೆ ನಮ್ಮ ಕಾಲನ್ನೇ ನಂಬಿತು.

ನಮ್ಮ ಕಡೆ ಮನೆಗಳು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಹಿನ್ನೀರು ಏರಿದರೆ ಗೋಡೆ ಮಡಚಿಕೊಂಡು ದಿಬ್ಬಕ್ಕೆ ಹೋಗುತ್ತೇವೆ, ಇಳಿದರೆ ಮತ್ತೆ ಕೆಳಗೆ. ಮನೆಯಲ್ಲಿ ಮರದ್ದು ಅಂತ ಇರುವುದು ಕದ ಒಂದೇ. ಅದರ ಮೇಲೆ ಸುಟ್ಟು ಬರೆದ ಸಂಖ್ಯೆಗೆ ಕದದಂಕಿ ಎನ್ನುತ್ತೇವೆ. ಅದೇ ವಿಳಾಸ. ಕದ ಎಲ್ಲಿ ನಿಂತಿದೆಯೋ ಮನೆ ಅಲ್ಲಿ ಎಂದು ಕಾನೂನು ಹೇಳುತ್ತದೆ. ಕೋರ್ಟೂ ನಿಂತಲ್ಲಿ ನಿಲ್ಲದು. ಹದಿನೈದು ದಿನಕ್ಕೊಮ್ಮೆ ದೋಣಿಯಲ್ಲಿ ಬಂದು ಮೊದಲನೆಯ ಗಂಟೆ ಬಾರಿಸುತ್ತದೆ. ಎರಡನೆಯ ಗಂಟೆ ಬಾರಿಸಿ ಹೆಸರು ಕೂಗುತ್ತಾರೆ, ಬಾರದವರ ಮೇಲೆ ಏಕಪಕ್ಷೀಯ ತೀರ್ಪು ಬರೆದು ಹೊರಟುಬಿಡುತ್ತಾರೆ.

ಸಾವಕ್ಕ ಎಂಬ ವಿಧವೆಗೆ ಸಮನ್ಸು ಇತ್ತು. ಅವಳ ಒಂಬತ್ತು ವರ್ಷದ ಮಗಳು ಇಂದುಮತಿಯನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ತೀರಿಹೋದ ಗಂಡನ ಅಕ್ಕ ದಾವೆ ಹೂಡಿದ್ದಳು. ಆಕೆ ಇರುವುದು ಕಡಲಾಚೆ. ತೀರ್ಪು ಆಕೆಯ ಕಡೆಗಾದರೆ ಹುಡುಗಿ ಅದೇ ದಿನ ಹೊರಡಬೇಕು.

ಹದಿನಾಲ್ಕು ದಿನದ ಹಿಂದೆ ನಾನು ಹೋದಾಗ ೪೪೧೭ನೇ ಕದ ಮುಚ್ಚಿತ್ತು. ಮೂರು ಸಲ ಸಾವಕ್ಕನ ಹೆಸರು ಕೂಗಿದೆ. ಒಳಗೆ ಯಾರೋ ಮಗ್ಗುಲಾದ ಸದ್ದು ಬಂತು, ಉತ್ತರ ಬರಲಿಲ್ಲ. ಊರವರೆಲ್ಲ ಹೊಲಕ್ಕೆ ಹೋಗಿದ್ದರಿಂದ ದಾರಿಹೋಕರಿಬ್ಬರನ್ನು ಪಂಚರಾಗಿ ನಿಲ್ಲಿಸಿಕೊಂಡು, ಮೊಹರು ಮಾಡಿದ ಸಮನ್ಸನ್ನು ಕದಕ್ಕೆ ಅಂಟಿಸಿ ಅವರ ಸಹಿ ಹಾಕಿಸಿದೆ. ಷರಾ ಬರೆಯುವಾಗ ನಿಮ್ಮ ಪುಸ್ತಕದ ಹದಿನಾಲ್ಕನೇ ಪುಟವನ್ನೇ ಇಳಿಸಿದೆ: ಬಾಗಿಲು ಹಾಕಿತ್ತು. ಮೂರು ಸಲ ಕೂಗಿದೆ. ಪಂಚರ ಸಮಕ್ಷಮ ಅಂಟಿಸಿದೆ. ನನ್ನ ಕೆಲಸ ಮುಗಿಯಿತು.

ಆದರೆ ಅಜ್ಜಾ, ಕದದ ಮೇಲೆ ಬೇವಿನ ಸೊಪ್ಪು ತೂಗುಹಾಕಿತ್ತು. ಅದನ್ನು ನಾನು ನೋಡಿದೆ. ಬೇವು ಇದ್ದರೆ ಒಳಗೆ ಬಾಣಂತಿ ಇದ್ದಾಳೆಂದು ಅರ್ಥ, ಸಾವಕ್ಕ ವಿಧವೆ ಎಂದು ನನ್ನ ಕೈಯಲ್ಲಿದ್ದ ಕಾಗದವೇ ಹೇಳುತ್ತಿತ್ತು. ಇನ್ನೂ ಹನ್ನೊಂದು ಸಮನ್ಸು ಬಾಕಿ ಇದ್ದವು, ಬಿಸಿಲು ಏರುತ್ತಿತ್ತು. ನನಗೇಕೆ ಬೇಕು ಎಂದುಕೊಂಡು ನಡೆದುಬಿಟ್ಟೆ.

ಇವತ್ತು ಬೆಳಿಗ್ಗೆ ಬೇರೆ ಕೆಲಸಕ್ಕೆ ಅದೇ ದಾರಿಯಲ್ಲಿ ಹೋದಾಗ ಆ ಕದದ ಹಿಂದೆ ಕೂಸು ಅಳುತ್ತಿತ್ತು. ಸಮನ್ಸು ಅಂಟಿಸಿದಲ್ಲೇ ಇತ್ತು, ಮೊಹರು ಒಡೆದಿರಲಿಲ್ಲ. ಹೊರಗೆ ಬಂದ ಮುದುಕಿ, "ಇದು ಸಾವಕ್ಕನ ಕದಾರೀ. ನಮ್ಮ ಸೊಸಿ ಬಾಣಂತನಕ್ಕಂತ ಇಸಗೊಂಡೇವಿ. ಆ ಚೀಟಿ ಕೂಸಿನ ಲಸಿಕೆದ್ದು ಅಂದ್ಕೊಂಡು ಹಂಗ ಬಿಟ್ಟೇವಿ" ಎಂದಳು. ಬಾಣಂತಿಯ ಕೋಣೆಗೆ ಗಟ್ಟಿ ಕದ ಬೇಕೆಂದು ನಮ್ಮ ಹೆಂಗಸರು ತಮ್ಮದನ್ನು ಬಿಚ್ಚಿ ಕೊಡುತ್ತಾರೆ, ಅಷ್ಟು ದಿನ ತಮ್ಮ ಮನೆಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಸಾವಕ್ಕ ಎಲ್ಲಿ ಎಂದು ಕೇಳಿದೆ. ಮೀನು ಒಣಗಿಸುವ ದಂಡೆಗೆ ಹೋಗಿದ್ದಾಳಂತೆ. ಅಷ್ಟರಲ್ಲಿ ನೀರಿನ ಕಡೆಯಿಂದ ಮೊದಲನೆಯ ಗಂಟೆ ಕೇಳಿಸಿತು.

ಕಾಗದ ಕಿತ್ತುಕೊಂಡು ಓಡಿದೆ. ಈ ವಯಸ್ಸಿನಲ್ಲಿ ಹಾಗೆ ಓಡಿದ್ದು ನನಗೇ ನಂಬಿಕೆ ಬರುತ್ತಿಲ್ಲ. ಸಾವಕ್ಕ ಮೊಹರು ಒಡೆದು ಓದಿದಳು. ಬೈಯಲಿಲ್ಲ. "ಇಂದುನ್ನ ಒಯ್ತಾರೇನವಾ?" ಎಂದಷ್ಟೇ ಕೇಳಿ, ಮೀನಿನ ಕೈಯಲ್ಲೇ ನನ್ನ ಮುಂದೆ ಮುಂದೆ ಓಡಿದಳು. ಅರ್ಧ ದಾರಿಯಲ್ಲಿ ಎರಡನೆಯ ಗಂಟೆ ಕೇಳಿಸಿತು.

ನಾವು ದೋಣಿ ಹತ್ತಿದಾಗ ಹೆಸರು ಕೂಗಿ ಆಗಿತ್ತು, ತೀರ್ಪು ಬರೆಸುತ್ತಿದ್ದರು. ದೋಣಿಯಲ್ಲೇ ಬಂದಿದ್ದ ಅತ್ತೆ ಹುಡುಗಿಯನ್ನು ಆಗಲೇ ಮನೆಯಿಂದ ಕರೆತಂದಿದ್ದಳು, ಅವಳು ಅತ್ತೆಯ ಪಕ್ಕದಲ್ಲಿ ಬಟ್ಟೆಯ ಗಂಟು ಹಿಡಿದು ಕೂತಿದ್ದಳು. ನ್ಯಾಯಾಧೀಶರು ನನ್ನ ಷರಾ ಎತ್ತಿ ತೋರಿಸಿ, ಕದ ಸರಿ, ಪಂಚರು ಸರಿ, ಜಾರಿಯೂ ಸರಿ, ಇನ್ನೇನು ಎಂದರು. ಸುಮ್ಮನಿದ್ದಿದ್ದರೆ ನನಗೆ ಯಾವ ತೊಂದರೆಯೂ ಇರಲಿಲ್ಲ. "ಸಾಹೇಬ್ರ, ನಾ ಕದಕ್ಕ ಹೇಳಿ ಬಂದೀನ್ರಿ, ಸಾವಕ್ಕಗ ಹೇಳಿಲ್ರಿ. ಬೇವು ನೋಡಿದ್ನಿ, ಆದ್ರೂ ಕೇಳಲಿಲ್ಲ" ಎಂದೆ.

ತೀರ್ಪು ನಿಂತಿತು. ಮುಂದಿನ ದೋಣಿ ಬರುವವರೆಗೆ ಇಂದುಮತಿ ತಾಯಿಯ ಹತ್ತಿರವೇ ಇರಬೇಕೆಂದು ಆದೇಶವಾಯಿತು. ಆಮೇಲೆ ಏನಾಗುತ್ತದೋ ಗೊತ್ತಿಲ್ಲ, ಆದರೆ ಆವತ್ತು ಸಾವಕ್ಕ ತನ್ನ ಮಾತು ಹೇಳಲು ಅಲ್ಲಿ ನಿಂತಿರುತ್ತಾಳೆ. ನನ್ನ ಬಿಲ್ಲೆ ಕಸಿದುಕೊಂಡರು. ಇಪ್ಪತ್ತಾರು ವರ್ಷ ಎದೆಯ ಮೇಲಿದ್ದದ್ದು, ಅಳು ಬಂತು. ಅವರು ಮಾಡಿದ್ದು ಸರಿ.

ಈಗ ಒಂದು ಕೋರಿಕೆ. ಹದಿನಾಲ್ಕನೇ ಪುಟದಲ್ಲಿ ನೀವು ಯಾರ ಬಾಗಿಲಿಗೆ ಅಂಟಿಸಿದಿರೋ ನನಗೆ ತಿಳಿಯದು. ಇನ್ನೊಮ್ಮೆ ಅಲ್ಲಿಗೆ ಹೋಗಿ, ಆ ಬಾಗಿಲ ಹಿಂದೆ ಯಾರಿದ್ದಾರೆಂದು ಪಕ್ಕದ ಮನೆಯಲ್ಲಿ ಕೇಳಿ. ಕೇಳಿದ ಮೇಲೆ, ನನ್ನ ಕೆಲಸ ಮುಗಿಯಿತು ಎಂಬ ಸಾಲನ್ನು ಹೊಡೆದುಹಾಕಿ ಅಂಚಿನಲ್ಲಿ ಸಹಿ ಮಾಡಿ. ಈ ಪತ್ರ ಮುಟ್ಟಿತೆನ್ನಲು ನನಗೆ ಅದೊಂದೇ ರುಜುವಾತು. ಈ ಪತ್ರವನ್ನು ಅದೇ ಪುಟದ ನಡುವೆ ಇಟ್ಟು ಪುಸ್ತಕವನ್ನು ಈಗ ಮುಚ್ಚುತ್ತೇನೆ. ಬೆಳಿಗ್ಗೆ ತೆಗೆದು ನೋಡುತ್ತೇನೆ, ಸಹಿ ಇಲ್ಲದಿದ್ದರೆ ಮತ್ತೆ ಬರೆಯುತ್ತೇನೆ.