ಜನಾಬಾಯಿಯ ಒಪ್ಪಿಗೆ

15 ಸೆಪ್ಟೆಂಬರ್ 2015, ಚಿದ್ರಿ, ಬೀದರ. ಬೆಳಿಗ್ಗೆ 7
ನಲವತ್ತೊಂದನೇ ಆಪರೇಷನ್ ಒಪ್ಪಿಗೆ ಫಾರಂ. ಇದೂ ಇಂಗ್ಲಿಷಿನಲ್ಲಿ. ಔರಾದ ಕಡೆಯ ಹೆಂಗಸು, ಇಪ್ಪತ್ತೆಂಟು ವರ್ಷ. ಗರ್ಭಕೋಶ ತೆಗೆದದ್ದು, ಉಳಿದ ನಲವತ್ತರಂತೆ, ಭಾಲ್ಕಿಯ ಅದೇ ನರ್ಸಿಂಗ್ ಹೋಮಿನಲ್ಲಿ. ಸಹಿ ಗಂಡನದು. ಔಷಧ ಕಂಪನಿಯಲ್ಲಿ ವೈಸ್ ಪ್ರೆಸಿಡೆಂಟ್ ಆಗಿದ್ದಾಗ ಇಂಥ ಒಪ್ಪಿಗೆಪತ್ರ ಎಷ್ಟು ಪಾಸು ಮಾಡಿದ್ದೇನೋ... ಆಗ ಹೆಸರು ಓದುತ್ತಿರಲಿಲ್ಲ. ಕೆಲಸ ಬಿಟ್ಟು, ಹೆಂಗಸರ ಆರೋಗ್ಯಕ್ಕೆಂದು ಇಲ್ಲಿ ಟ್ರಸ್ಟ್ ತೆರೆದು ಮೂರು ವರ್ಷ. ಈಗ ಓದುತ್ತೇನೆ.

18 ಸೆಪ್ಟೆಂಬರ್
ಔರಾದಿನಿಂದ ಜನಾಬಾಯಿ ಬಂದಿದ್ದಳು. ಇಪ್ಪತ್ತಾರು, ಎರಡು ಮಕ್ಕಳು. ಮಳೆಯಿಲ್ಲ, ಕುರಿ ಮಾರಿದ್ದಾರೆ. ದಸರೆ ಮುಗಿದ ಕೂಡಲೇ ಗಂಡನ ಜೊತೆ ಮಹಾರಾಷ್ಟ್ರಕ್ಕೆ, ಕಬ್ಬು ಕಡಿಯಲು. ಅದಕ್ಕೆ ಮೊದಲು ಭಾಲ್ಕಿಯಲ್ಲಿ ಗರ್ಭಕೋಶದ ಆಪರೇಷನ್ — ಅಕ್ಟೋಬರ್ ಐದಕ್ಕೆ.
"ಚೀಲ ತೆಗಿಲಿಲ್ಲಂದ್ರ ಕ್ಯಾನ್ಸರ್ ಆಗ್ತದ ಅಂದಾರ್ರಿ ಡಾಕ್ಟರ್."
ಬೀದರದಲ್ಲೇ ಸ್ಕ್ಯಾನ್ ಮಾಡಿಸಿ ಕಳಿಸಿದೆ.

19 ಸೆಪ್ಟೆಂಬರ್
ರಿಪೋರ್ಟ್ ಬಂತು. ಸೋಂಕು, ಅಷ್ಟೇ. ಹದಿನಾಲ್ಕು ದಿನದ ಗುಳಿಗೆ ಸಾಕು. ಖುಷಿಗೆ ತಕ್ಷಣ ಫೋನ್ ಮಾಡಿದೆ. ಗಂಡ ಬಕ್ಕಪ್ಪ ಎತ್ತಿದ. ಎಲ್ಲ ಅವನಿಗೇ ಹೇಳಿದೆ. ಆಪರೇಷನ್ ಕ್ಯಾನ್ಸಲ್ ಮಾಡಿ ಎಂದೂ.

1 ಅಕ್ಟೋಬರ್, ಔರಾದ
ಹನ್ನೆರಡು ದಿನ ಬಕ್ಕಪ್ಪ ಫೋನ್ ಎತ್ತಲಿಲ್ಲ. ಇಂದು ಬಸ್ಸು ಹಿಡಿದು ಬಂದೆ. ಜನಾಬಾಯಿ ಟ್ಯಾಂಕರ್ ನೀರಿನ ಸಾಲಿನಲ್ಲಿದ್ದಳು.
"ರೋಗ ಇಲ್ಲಂತ ಗೊತ್ತಾಯ್ತ್ರಿ. ಆದ್ರೂ ತೆಗಿಸ್ತೇನಿ. ತಿಂಗಳಾ ಮೂರು ದಿನ ಕೂತ್ರ ಮುಕಾದಮ ದಂಡ ಹಾಕ್ತಾನ."
ಮುಕಾದಮ ಕಾಶೀರಾಮ — ಕಬ್ಬು ಕಡಿಯುವವರ ಗುಂಪನ್ನು, ಟೋಳಿಯನ್ನು, ಕರೆದೊಯ್ಯುವವನು.
ಈ ವಯಸ್ಸಿಗೆ ತೆಗೆಸಿದರೆ ಮುಂದೆ ಏನೇನಾಗಬಹುದು, ಹೇಳಿದೆ. ಮೂಳೆ, ಸೊಂಟ, ನಿದ್ದೆ. ಪೂರ್ತಿ ಕೇಳಿದಳು. ಆಮೇಲೆ —
"ಡಾಕ್ಟರ್ ನನ್ನ ಗಂಡಗ ಕೇಳ್ದ. ನೀವೂ ಅವ್ನಿಗೇ ಹೇಳಿದ್ರಿ. ಹೊಟ್ಟಿ ಯಾರದ್ರಿ, ಅಕ್ಕಾರ?"
ತಪ್ಪಾಯಿತು ಎಂದೆ. ರಿಪೋರ್ಟ್ ಅವಳ ಕೈಗೆ ಕೊಟ್ಟು ಬಂದೆ. ತಡೆಯಬೇಕು ಅನಿಸುತ್ತದೆ. ತಡೆಯಲು ನಾನು ಯಾರು...

4 ಅಕ್ಟೋಬರ್, ಬೀದರ
ನರ್ಸಿಂಗ್ ಹೋಮಿನ ಮೇಲೆ ಆರೋಗ್ಯ ಇಲಾಖೆಗೆ ದೂರು ಬರೆದು ಮುಗಿಸಿದೆ. ಜನಾಬಾಯಿಯ ಹೆಸರು ಸೇರಿಸಲಿಲ್ಲ. ಅವಳನ್ನು ಕೇಳಿಲ್ಲ.

5 ಅಕ್ಟೋಬರ್, ಭಾಲ್ಕಿ. 11.20
ನರ್ಸಿಂಗ್ ಹೋಮಿನ ಹೊರಗಿನ ಬೆಂಚು. ಬೆಳಿಗ್ಗೆ ಆರಕ್ಕೆ ಅವಳದೇ ಫೋನ್. "ಬರ್ರಿ. ಒಳಗ ಮಾತ್ರ ಬರಬ್ಯಾಡ್ರಿ." ಬಕ್ಕಪ್ಪ ಪಕ್ಕದಲ್ಲಿ, ಟೋಪಿ ತಿರುವುತ್ತ ಕೂತಿದ್ದಾನೆ. ಅವಳು ಒಳಗೆ ಹೋಗಿ ಐವತ್ತು ನಿಮಿಷ. ನರ್ಸ್ ಎರಡು ಸಲ ಓಡಾಡಿದಳು. ಕೇಳಲು ಧೈರ್ಯವಿಲ್ಲ.

11.55
ಬಂದಳು. ನಡೆದುಕೊಂಡೇ.
"ಕ್ಯಾನ್ಸರ್ ಎಲ್ಲದ, ಈ ರಿಪೋರ್ಟಿನ್ಯಾಗ ತೋರಸ್ರಿ ಅಂದೆ ಡಾಕ್ಟರಗ. ತೋರಸ್ಲಿಲ್ಲ. ಸುಳ್ಳು ಹೇಳೋರ ಕೈಯಾಗ ಹೊಟ್ಟಿ ಕೊಡಂಗಿಲ್ಲ ನಾ."
"ಮುಕಾದಮಗ ಏನ್ ಹೇಳೂದು?" ಎಂದ ಬಕ್ಕಪ್ಪ.
"ನಾನೇ ಹೇಳ್ತೇನಿ. ದಂಡ ಹಾಕಿದ್ರ ಬರಂಗಿಲ್ಲಂತ. ಟೋಳಿನಾಗ ಇನ್ನೂ ಒಂಬತ್ತು ಹೆಣ್ಮಕ್ಕಳ ಜೋಡಿ ಮಾತಾಡೇನಿ, ಅವ್ರೂ ಬರಂಗಿಲ್ಲ." ನನ್ನ ಕಡೆ ತಿರುಗಿದಳು. "ಅಕ್ಕಾರ, ನೀವು ಬಾಜೂಕ ನಿಂದರ್ರಿ. ಮಾತಾಡಬ್ಯಾಡ್ರಿ."
ಆಪರೇಷನ್ ಆಯಿತೇ ಎಂದು ನೋಡಲು ಬಂದಿರಬೇಕು, ಕಾಶೀರಾಮನ ಜೀಪು ಗೇಟಿನಲ್ಲಿ ನಿಂತಿದೆ. ಇಳಿಯುತ್ತಿದ್ದಾನೆ. ಅವಳು ಆಗಲೇ ಅವನ ಕಡೆ ಹೊರಟಳು, ನನ್ನನ್ನೂ ಕಾಯದೆ —