ಕುರ್ಚಿ ಸಿಗದ ಗೆಲುವು

ಓಲ್ಡರ್‌ಜೀಲ್
ಮಾರ್ಚ್ ಒಂಬತ್ತು, ಭಾನುವಾರ

ನನ್ನ ಮುದ್ದು ಹಿಲ್ಕೆ,

ಫೋನ್ ಎತ್ತುವುದಿಲ್ಲ ಎಂದು ನೀನು ಹಟ ಹಿಡಿದು ಕೂತಿರುವುದರಿಂದ ಕಾಗದ ಬರೆಯುತ್ತಿದ್ದೇನೆ. ಹ್ಯಾನೋವರ್‌ನಲ್ಲಿ ಗೆಳತಿಯ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಬೇಜಾರಾದರೆ ಬರೀ ಬ್ರೆಡ್ಡು ಕಡಿದುಕೊಂಡು ದಿನ ಕಳೆಯುವವಳು ನೀನು, ನನಗೆ ಗೊತ್ತಿಲ್ಲವೇ!

ಮೀನಂಗಡಿಯ ಹಿಂದಿನ ಕೋಣೆಯ ಬೀಗದ ಕೈಯನ್ನು ಹಬ್ಬೋಗೆ ವಾಪಸ್ ಕೊಟ್ಟುಬಿಡು ಎಂದು ಹೇಳಿ ಹೋದೆಯಲ್ಲ, ನಿನ್ನೆ ಬೆಳಿಗ್ಗೆ ಕೊಡಲೆಂದೇ ಹೋದೆ. ಹಬ್ಬೋ ಮೀನಿನ ಕೈ ಒರೆಸಿಕೊಳ್ಳುತ್ತಾ ಬಂದ. "ಕೊಡೋದು ಆಮೇಲೆ ಕೊಡಿವ್ರಂತೆ ಗೆಜೀನಕ್ಕ, ಮೊದ್ಲು ಬಾಗಿಲು ತೆಗೀರಿ. ಜನ ಚಳೀಲಿ ನಿಂತವ್ರೆ" ಅಂದ. ಶನಿವಾರ ಎನ್ನುವುದೇ ನನಗೆ ಮರೆತಿತ್ತು. ಚುನಾವಣಾ ಪ್ರಚಾರದ ತಿಂಗಳುಗಳಲ್ಲಿ ಪ್ರತಿ ಶನಿವಾರ ಅಲ್ಲಿ ಕೂತು ಜನರ ಕಷ್ಟ ಕೇಳಿ ಅವರಿಗೆ ಅಭ್ಯಾಸ ಮಾಡಿಸಿದವಳು ನೀನೇ ತಾನೆ? ಬೇಕರಿಯ ಫ್ರೌಕೆ ಇದ್ದಳು, ಜೌಗು ಸೀಮೆಯ ರೈತ ಫೋಲ್ಕರ್ಟ್ ಇದ್ದ. ಸಂಜೆಯ ಕೊನೆಯ ಬಸ್ಸು ನಿಲ್ಲಿಸಿಬಿಟ್ಟಿದ್ದಾರಂತೆ, ಅವನ ಮಗಳು ಕೆಲಸ ಕಲಿಯುವ ಕಡೆಯಿಂದ ಮನೆಗೆ ಬರುವುದು ಹೇಗೆ ಎಂದು ಕೇಳಲು ಬಂದಿದ್ದ.

ನಾನು ವಿಷಯ ಹೇಳಿದೆ. ಹಿಲ್ಕೆ ಗೆದ್ದಿದ್ದಾಳೆ, ಆದರೆ ಬರ್ಲಿನ್‌ನ ಸಂಸತ್ತಿನಲ್ಲಿ ಅವಳಿಗೆ ಕುರ್ಚಿ ಇಲ್ಲ. ನಮಗೆಲ್ಲ ಎರಡೆರಡು ಮತ. ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಹೊಸ ಕಾನೂನಿನ ಪ್ರಕಾರ ಪಕ್ಷಕ್ಕೆ ಬಿದ್ದ ಮತದ ಲೆಕ್ಕದಲ್ಲಿ ಎಷ್ಟು ಕುರ್ಚಿಯೋ ಅಷ್ಟೇ. ಆ ಪಕ್ಷದಿಂದ ಕ್ಷೇತ್ರ ಗೆದ್ದವರು ಅದಕ್ಕಿಂತ ಹೆಚ್ಚಾದರೆ, ಕಡಿಮೆ ಪಾಲು ಮತದಿಂದ ಗೆದ್ದವರು ಹೊರಗೆ. ಇಷ್ಟು ಹೇಳುವಷ್ಟರಲ್ಲಿ ನನಗೇ ಸುಸ್ತಾಯಿತು.

ಫೋಲ್ಕರ್ಟ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾವೇನು ಕುರ್ಚಿಗೆ ಓಟು ಹಾಕಿದ್ವಾ? ಹಿಲ್ಕೆಗೆ ಹಾಕಿದ್ದು. ಅವಳಿಗೆ ನಿಂತ್ಕೊಂಡು ಮಾತಾಡಕ್ಕೆ ಬರಲ್ವಾ?" ಅಂದ.

ನನಗೆ ನಗು ಬಂತು. ಹಿಂದೆಯೇ ಅಳುವೂ ಬಂತು. ಕುರ್ಚಿ ಇಲ್ಲ ಎಂದು ಗೊತ್ತಾದ ದಿನ ನೀನು ನನ್ನ ಅಡುಗೆಮನೆಯಲ್ಲಿ ಒಂದೇ ಕಪ್ ಟೀ ಕುಡಿದು, ಇನ್ನು ಸಾಕು ಎಂದು ಚಮಚವನ್ನು ಕಪ್ಪಿನೊಳಗೆ ಊರಿ ಎದ್ದುಬಿಟ್ಟೆ. ನಮ್ಮ ಸೀಮೆಯಲ್ಲಿ ಮೂರು ಕಪ್ ಆಗದೆ ಯಾರಾದರೂ ಚಮಚ ಊರುತ್ತಾರೇನೇ? ಬಾಗಿಲಲ್ಲಿ ನಿಂತು "ನೀನೂ ನನಗೆ ಹಾಕಲಿಲ್ಲ ಅಲ್ವಾ ಅಮ್ಮ?" ಅಂದೆ. ಸಂತೆಯಲ್ಲಿ ನಾಲ್ಕು ಜನರೆದುರು, ಹೊಟ್ಟೇಲಿ ಹುಟ್ಟಿದ ಮಗಳು ನಿಂತರೂ ಆ ಕಪ್ಪು ಬಣ್ಣದ ಪಕ್ಷಕ್ಕೆ ನನ್ನ ಮತ ಇಲ್ಲ ಎಂದು ನಾನು ಬಾಯಿ ಬಿಟ್ಟಿದ್ದು ನಿನ್ನ ಕಿವಿಗೆ ಬಿದ್ದಿತ್ತು. ಉತ್ತರ ಕೇಳಲು ನೀನು ನಿಲ್ಲಲಿಲ್ಲ.

ಒಂದು ಮಾತು ಹೇಳುತ್ತೇನೆ ಕೇಳು. ನಾನು ಹುಡುಗಿಯಾಗಿದ್ದಾಗ ನಮ್ಮ ಬಂದರಿಗೂ ಆ ಜೌಗು ಸೀಮೆಗೂ ಸಂಬಂಧವೇ ಇರಲಿಲ್ಲ. ಕಾಲುವೆಯ ಈಚೆ ಒಂದು ಕ್ಷೇತ್ರ, ಆಚೆ ಇನ್ನೊಂದು. ಈಚೆ ಕೆಂಪು, ಆಚೆ ಕಪ್ಪು. ಯಾರೋ ದೊಡ್ಡವರು ಜನಸಂಖ್ಯೆ ಎಣಿಸಿ ಕ್ಷೇತ್ರದ ಗೆರೆ ಸರಿಸಿದರು, ಜೌಗಿನವರು ನಮಗೆ ಗಂಟುಬಿದ್ದರು. ನಮ್ಮ ಸಂಸದ ಹಾರ್ಮ್ ಐಲರ್ಸ್ ಆಗ ಇದೇ ಕೋಣೆಯಲ್ಲಿ ಶನಿವಾರ ಕೂರುತ್ತಿದ್ದರು, ಮೀನಂಗಡಿಯಲ್ಲಿದ್ದ ನಾನು ಬಂದವರಿಗೆ ಟೀ ಕೊಡುತ್ತಿದ್ದೆ. ಗೆರೆ ಸರಿದ ಮೇಲೆ ಜೌಗಿನಿಂದ ಮೊದಲು ಬಂದವನು ರಸ್ತೆ ಸರಿಯಿಲ್ಲ ಎಂದು ಕೂಗಾಡಲು ಬಂದಿದ್ದ. ಮೊದಲ ಕಪ್ಪಿಗೇ ಚಮಚ ಊರಿದ. ಎಷ್ಟು ಸೊಕ್ಕು! ನಾನು ಚಮಚ ಎತ್ತಿ ತಟ್ಟೆಗಿಟ್ಟು ಮತ್ತೆ ಟೀ ಸುರಿದೆ. ರಸ್ತೆ ರಿಪೇರಿಯಾದ ಮೇಲೂ ಅವನು ಪ್ರತಿ ಶನಿವಾರ ಬಂದ. ಅವನೇ ನಿಮ್ಮಪ್ಪ ಓನೋ.

ಆಮೇಲೆ ಅವನು ಬದುಕಿರುವವರೆಗೂ ಪ್ರತಿ ಚುನಾವಣೆಯ ಬೆಳಿಗ್ಗೆ ನಾವಿಬ್ಬರೂ ಕೈ ಹಿಡಿದುಕೊಂಡು ಹೋಗಿ, ಅವನು ಕಪ್ಪು ಪಕ್ಷಕ್ಕೆ ನಾನು ಕೆಂಪು ಪಕ್ಷಕ್ಕೆ ಹಾಕಿ, ಒಬ್ಬರ ಮತವನ್ನು ಒಬ್ಬರು ಹೊಡೆದುಹಾಕಿ, ಮನೆಗೆ ಬಂದು ಕೇಕ್ ತಿನ್ನುತ್ತಿದ್ದೆವು. ನೀನು ಅವನ ಬಣ್ಣ ಹಿಡಿದಾಗ ನನಗೆ ಸಿಟ್ಟು ಬಂದಿದ್ದು ನಿಜ. ಆದರೆ ಆ ಗೆರೆ ಸರಿಯದಿದ್ದರೆ ನೀನೇ ಇರುತ್ತಿರಲಿಲ್ಲ ಮಗಳೇ. ಈ ಕ್ಷೇತ್ರ ಹೆತ್ತ ಕೂಸು ನೀನು. ಹಾರ್ಮ್ ಹೋದ ಮೇಲೆ ಬಂದ ಯಾವ ಸಂಸದನೂ ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ತೆಗೆದವಳು ನೀನು.

ಅದಕ್ಕೇ ಬೀಗದ ಕೈ ಕೊಡದೆ ಬಂದೆ. ನನ್ನ ಏಪ್ರನ್ನಿನ ಜೇಬಿನಲ್ಲೇ ಇದೆ. ಮುಂದಿನ ಶನಿವಾರ ನೀನು ಬರುತ್ತೀಯ ಎಂದು ಫೋಲ್ಕರ್ಟ್‌ಗೆ ಮಾತು ಕೊಟ್ಟಿದ್ದೇನೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಅವತ್ತು ಬಿಟ್ಟುಹೋದ ಕಪ್ಪಿನಿಂದ ಚಮಚವನ್ನು ನಾನೇ ಎತ್ತಿ ತಟ್ಟೆಗಿಟ್ಟಿದ್ದೇನೆ. ಬಾ.

ನಿನ್ನನ್ನು ಹೆತ್ತ ಕೆಂಪು ಮುದುಕಿ,
ಅಮ್ಮ

ತಾ.ಕ.: ಸಂತೆಯಲ್ಲಿ ನಾನು ಹೇಳಿದ್ದು ಸುಳ್ಳಲ್ಲ. ಪಕ್ಷದ ಮತ ಎಂದಿನ ಹಾಗೆ ಕೆಂಪಿಗೇ ಹಾಕಿದೆ, ಈ ವಯಸ್ಸಿನಲ್ಲಿ ಕೈ ಬೇರೆ ಕಡೆ ಹೋಗುವುದಿಲ್ಲ. ಮೊದಲನೆಯ ಮತ ನಿನಗೆ. ನಿನ್ನ ಹೆಸರಿನ ಮುಂದೆ ಗುರುತು ಹಾಕುವಾಗ ನಿಮ್ಮಪ್ಪ ಪಕ್ಕದಲ್ಲಿ ನಿಂತು ನಗುತ್ತಿದ್ದಾನೆ ಅನ್ನಿಸಿತು. ನಿನ್ನೆ ವಿಚಾರಿಸಿದರೆ ಹಬ್ಬೋ, ಫ್ರೌಕೆ, ಬಂದರಿನ ಅರ್ಧ ಜನ ಹೀಗೇ ಮಾಡಿದ್ದಾರೆ: ಹಿಲ್ಕೆ ಬೇಕು, ಅವಳ ಪಕ್ಷ ಬೇಡ. ನಿನ್ನನ್ನು ಗೆಲ್ಲಿಸಿದವರೂ ನಾವೇ, ಕುರ್ಚಿ ತಪ್ಪಿಸಿದವರೂ ನಾವೇ. ಬೈಯುವುದಿದ್ದರೆ ಶನಿವಾರ ಬಂದು ಬೈ. ಮೂರು ಕಪ್ ಮುಗಿಯುವವರೆಗೂ ಕೂತು ಕೇಳುತ್ತೇನೆ.